ವೆನೆತಾಳ ತಂಪುಕೋಣೆ

ಶಾಲೆಯಿಂದ ಸ್ಮಶಾನದ ಕಡೆಗೆ ಹೋಗುವ ಬೀದಿಯಲ್ಲಿ, ಎರಡಕ್ಕೂ ಹೆಚ್ಚುಕಡಿಮೆ ನಡುವೆ, ವೆನೆತಾಳ ಹೂವಿನ ಅಂಗಡಿ ಇತ್ತು. ಲಿಪ್ನಿತ್ಸಾ ಎಂಬ ಆ ಊರಿನಲ್ಲಿ ಹೂವು ಬೇಕಾದವರೆಲ್ಲ ಅಲ್ಲಿಗೇ ಬರಬೇಕು. ಬದುಕಿರುವವರಿಗೆ ಬೆಸ ಸಂಖ್ಯೆಯ ಹೂವು, ಸತ್ತವರಿಗೆ ಸಮ ಸಂಖ್ಯೆಯ ಹೂವು ಕೊಡುವುದು ಅಲ್ಲಿಯ ಪದ್ಧತಿ. ಬಂದವರ ಮುಖ ನೋಡಿಯೇ ಮೂರು ಎಣಿಸಬೇಕೋ ನಾಲ್ಕು ಎಣಿಸಬೇಕೋ ಎಂದು ವೆನೆತಾ ತಿಳಿದುಕೊಳ್ಳುತ್ತಿದ್ದಳು. ಮೂವತ್ತೊಂದು ವರ್ಷಗಳಲ್ಲಿ ಅವಳು ತಪ್ಪಿದ್ದು ಒಂದೇ ಸಲ. ಅತ್ತೆಯ ಹುಟ್ಟುಹಬ್ಬಕ್ಕೆಂದು ಹೂವು ಕೊಳ್ಳಲು ಬಂದಿದ್ದ ಹೊಸ ಅಳಿಯನೊಬ್ಬ ಅಷ್ಟು ಸಪ್ಪಗೆ ನಿಂತಿದ್ದ.

ದಪ್ಪನೆಯ ಮೈ, ನೀರಿನಲ್ಲಿ ನೆನೆದು ನೆನೆದು ಸುಕ್ಕಾದ ಬೆರಳುಗಳು, ಯಾರು ಏನು ಹೇಳಿದರೂ ಮೊದಲು ನಗುವ ಸ್ವಭಾವ. ಅರವತ್ತೆರಡು ವರ್ಷವಾದರೂ ಯಾರಿಗೂ ಯಾವುದನ್ನೂ ಆಗುವುದಿಲ್ಲವೆಂದು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ನಿನ್ನ ಬಾಯಲ್ಲಿ ಎಲ್ಲಾ ಹಲ್ಲೂ ಗಟ್ಟಿಯಾಗಿವೆ, ಒಂದು 'ಇಲ್ಲ' ಅನ್ನೋ ಮಾತು ಮಾತ್ರ ಉದುರಿಹೋಗಿದೆ" ಎಂದು ಗಂಡ ಲ್ಯೂಬೆನ್ ಹಾಸ್ಯ ಮಾಡುತ್ತಿದ್ದ.

ಲ್ಯೂಬೆನ್ ವಾರಕ್ಕೆ ಮೂರು ದಿನ ಬೆಳಗಿನ ಜಾವ ವ್ಯಾನು ತೆಗೆದುಕೊಂಡು ಪ್ಲೋವ್‌ದಿವ್‌ನ ಹೂವಿನ ಮಾರುಕಟ್ಟೆಗೆ ಹೋಗಿ, ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ತಿರುಗಿ ಬರುತ್ತಿದ್ದ. ತಂದ ಹೂವನ್ನು ತಗಡಿನ ಬಕೆಟ್ಟುಗಳಲ್ಲಿ ಹಾಕಿ ನೆಲಮಾಳಿಗೆಯಲ್ಲಿಟ್ಟರೆ ಎರಡು ದಿನ, ಚಳಿಗಾಲವಾದರೆ ಮೂರು ದಿನ ಬಾಳುತ್ತಿದ್ದವು. ಆ ವರ್ಷದ ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು ಲ್ಯೂಬೆನ್‌ನ ಎರಡೂ ಕಣ್ಣುಗಳಿಗೆ ದೀಪ ಹಿಡಿದು ನೋಡಿ, ಇನ್ನು ಮುಂದೆ ಗಾಡಿ ಓಡಿಸಬಾರದು ಎಂದರು. ನೋಟದ ನಡುವೆ ಇದ್ದದ್ದು ಕಾಣದು, ಅಂಚಿನಲ್ಲಿದ್ದದ್ದು ಮಾತ್ರ ಕಾಣುವುದು, ಅಂಥ ಕಾಯಿಲೆ. ವ್ಯಾನು ಮಾರಿದರು. ಇನ್ನು ಪ್ಲೋವ್‌ದಿವ್‌ನಿಂದ ಹೂವು ಬರಬೇಕಾದರೆ ಶುಕ್ರವಾರದ ಬಸ್ಸೊಂದೇ ಗತಿ. ಶುಕ್ರವಾರ ಬಂದ ಹೂವು ಮುಂದಿನ ಶುಕ್ರವಾರದವರೆಗೆ ಬಾಳದಿದ್ದರೆ ಅಂಗಡಿ ಮುಚ್ಚಬೇಕು.

"ಮುಚ್ಚೋಣ" ಎಂದ ಲ್ಯೂಬೆನ್. "ಇಬ್ಬರಿಗೂ ಪಿಂಚಣಿ ಬರುತ್ತೆ. ಏನು ಹಸಿವಿಂದ ಸಾಯ್ತೀವಾ?"

"ಮುಚ್ಚಿ ನಾನೇನು ಮಾಡ್ಲಿ? ನಿನ್ನ ಮುಖ ನೋಡ್ತಾ ಕೂರ್ಲಾ?"

"ನೋಡು. ನನಗೆ ನಿನ್ನ ಮುಖ ಕಾಣಲ್ಲ, ನೀನಾದ್ರೂ ನೋಡು."

ವೆನೆತಾ ನಕ್ಕಳು, ಆದರೆ ಒಪ್ಪಲಿಲ್ಲ. ದೊಡ್ಡ ಹೂವಿನ ಅಂಗಡಿಗಳಲ್ಲಿ ಇರುವಂಥ ತಂಪುಕೋಣೆಯೊಂದನ್ನು, ಎಂದರೆ ಮನುಷ್ಯ ಒಳಗೆ ನಡೆದು ಹೋಗಬಹುದಾದಂಥ ದೊಡ್ಡ ಫ್ರಿಜ್ಜನ್ನು, ಅವಳು ಮಾರುಕಟ್ಟೆಯಲ್ಲಿ ಕಂಡಿದ್ದಳು. ಅದರೊಳಗೆ ಗುಲಾಬಿ ಎಂಟು ದಿನ ಇರುತ್ತದೆ, ಕಾರ್ನೇಷನ್ ಎರಡು ವಾರ ಇರುತ್ತದೆ. ಮನೆಯ ಹೆಂಚು ಬದಲಿಸಲೆಂದು ಕೂಡಿಟ್ಟ ಹಣವಿತ್ತು. ಹೆಂಚು ಇನ್ನೆರಡು ವರ್ಷ ತಡೆಯುತ್ತದೆ ಎಂದು ಅವಳೇ ತೀರ್ಮಾನ ಮಾಡಿಬಿಟ್ಟಳು. ಅಂಗಡಿ ಉಳಿಯುವುದೋ ಇಲ್ಲವೋ ಎಂಬುದು ಆ ಕೋಣೆಯ ಮೇಲೆ ನಿಂತಿತು.

ಕೊಳ್ಳಲು ಪ್ಲೋವ್‌ದಿವ್‌ಗೆ ಹೋಗಬೇಕಲ್ಲ, ಎದುರುಮನೆಯ ಗಾಂಚೋ ತಮ್ಮ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋದರು. ಗಾಂಚೋ ನಿವೃತ್ತ ಸ್ಟೇಷನ್ ಮಾಸ್ತರು, ಎಪ್ಪತ್ತು ದಾಟಿದ್ದರು. ರೈಲೇ ನಿಂತುಹೋದ ಊರಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಬೀದಿಯವರ ಕೆಲಸಗಳನ್ನೆಲ್ಲ ತಾವೇ ವಹಿಸಿಕೊಂಡಿದ್ದರು. ಪೆಟ್ರೋಲಿಗೆ ಹಣ ಕೊಡಲು ಹೋದರೆ ಅವರಿಗೆ ಕೋಪ ಬರುತ್ತಿತ್ತು.

ತಂಪುಕೋಣೆ ಮಾರುವ ಕಾರ್ಖಾನೆಯಲ್ಲಿ ಕಾಮೆನ್ ಎಂಬ ತರುಣ ಎಂಜಿನಿಯರನಿದ್ದ. ಮರ್ಯಾದಸ್ಥ. ಕಾಫಿ ಕೊಟ್ಟು, ಕಾಗದ ಪೆನ್ಸಿಲು ತೆಗೆದುಕೊಂಡು ಕುಳಿತ.

"ಒಳಗೆ ಏನು ಇಡ್ತೀರಮ್ಮ?"

"ಹೂವು."

"ಹೂವು ಮಾತ್ರಾನಾ?"

"ಹೂವು ಮಾತ್ರ" ಎಂದಳು ವೆನೆತಾ. ಪಕ್ಕದಲ್ಲಿ ಗಾಂಚೋ ಕೆಮ್ಮಿದರು.

"ಹಾಗಿದ್ರೆ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಧಾರಾಳ ಆಯ್ತು. ಇದಕ್ಕಿಂತ ದೊಡ್ಡದು ತಗೊಂಡ್ರೆ ಖಾಲಿ ಜಾಗಾನ ತಂಪು ಮಾಡೋಕೆ ಕರೆಂಟ್ ಬಿಲ್ ಕಟ್ತೀರಿ, ಅಷ್ಟೆ."

"ಖಾಲಿ ಯಾಕಪ್ಪ ಇರುತ್ತೆ?" ಎಂದರು ಗಾಂಚೋ. ಅಲ್ಲಿ ಮಾದರಿಗೆಂದು ನಿಲ್ಲಿಸಿದ್ದ ಸಣ್ಣ ಕೋಣೆಯೊಳಗೆ ಹೋಗಿ ಕೈ ಚಾಚಿ ನಿಂತರು. "ಇದರಲ್ಲಿ ಒಬ್ಬ ಮನುಷ್ಯ ತಿರುಗೋಕಾಗಲ್ಲ. ನಾನು ಕೂತಿದ್ದ ಟಿಕೆಟ್ ಗೂಡೇ ಇದಕ್ಕಿಂತ ದೊಡ್ಡದಿತ್ತು."

"ಹೂವು ತಿರುಗಲ್ಲ ಯಜಮಾನ್ರೇ."

"ಮೇಲೆ ಕೊಕ್ಕೆನೂ ಇಲ್ಲ. ಈಸ್ಟರ್‌ಗೆ ಒಂದು ಕುರಿಮರಿ ನೇತುಹಾಕಬೇಕು ಅಂದ್ರೆ ಎಲ್ಲಿ ನೇತುಹಾಕೋದು?"

ಕಾಮೆನ್ ವೆನೆತಾಳ ಮುಖ ನೋಡಿದ. "ಅಮ್ಮ, ಹೂವಿನ ಜೊತೆ ಬೇರೆ ಸಾಮಾನು ಇಡೋದಾದ್ರೆ ಒಂದು ಮಾತು. ಹಣ್ಣು ಮಾತ್ರ..."

"ನನಗೆ ಗೊತ್ತಪ್ಪ" ಎಂದಳು ವೆನೆತಾ. "ಸೇಬಿನ ಪಕ್ಕ ಇಟ್ಟ ಹೂವು ಮಲಗಿಬಿಡುತ್ತೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ." ಹಣ್ಣಾಗುವ ಸೇಬು, ಟೊಮೇಟೊ, ಪೀಚ್ ಇವುಗಳ ಉಸಿರು ಮುಚ್ಚಿದ ಕೋಣೆಯಲ್ಲಿ ಹೂವಿಗೆ ತಾಗಿದರೆ, ಅರಳಿದ ಕಾರ್ನೇಷನ್ ಕೂಡ ದಳಗಳನ್ನು ಒಳಕ್ಕೆ ಮಡಿಸಿಕೊಂಡು ಮುದುಡಿಹೋಗುತ್ತದೆ. ಹೂವಿನ ವ್ಯಾಪಾರಿಗಳು ಅದಕ್ಕೆ ನಿದ್ದೆ ಎನ್ನುತ್ತಾರೆ. ಅದು ಏಳುವ ನಿದ್ದೆಯಲ್ಲ.

ಸಣ್ಣದೇ ಸಾಕು ಎಂದು ವೆನೆತಾ ಮನಸ್ಸು ಮಾಡಿಕೊಂಡೇ ಬಂದಿದ್ದಳು. ಗಾಂಚೋ ವಾದ ಮಾಡಿದ್ದರೆ ಅವಳೂ ಒಂದೆರಡು ಮಾತು ಆಡುತ್ತಿದ್ದಳೋ ಏನೋ. ಅವರು ವಾದ ಮಾಡಲಿಲ್ಲ. "ಸರಿ ತಾಯಿ, ನಿನ್ನ ಹಣ, ನಿನ್ನ ಇಷ್ಟ. ನಾನು ಕಾರಿನಲ್ಲಿ ಕೂತಿರ್ತೀನಿ" ಎಂದು ಹೇಳಿ, ಕುಡಿಯದ ಕಾಫಿಯನ್ನು ಮೇಜಿನ ಮೇಲೆ ಬಿಟ್ಟು, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹೋಗಿ ಕುಳಿತರು. ಕಿಟಕಿಯಿಂದ ಅವರ ಹಿಂದಲೆ ಕಾಣುತ್ತಿತ್ತು. ನಸುಕಿನಲ್ಲೆದ್ದು, ತಿಂಡಿ ಕೂಡ ತಿನ್ನದೆ ನೂರು ಕಿಲೋಮೀಟರು ಓಡಿಸಿಕೊಂಡು ಬಂದ ಮನುಷ್ಯನ ಹಿಂದಲೆ.

ವೆನೆತಾ ಮೂರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ, ಆರು ಕೊಕ್ಕೆಗಳಿರುವ ಕೋಣೆಗೆ ರುಜು ಹಾಕಿದಳು. ತಿರುಗಿ ಬರುವ ದಾರಿಯುದ್ದಕ್ಕೂ ಗಾಂಚೋ ಹಾಡು ಗುನುಗುತ್ತಿದ್ದರು.

ಮೇ ತಿಂಗಳಲ್ಲಿ ಲಾರಿ ಬಂತು. ಅಂಗಡಿಯ ಹಿಂದೆ, ಮೂರು ಮನೆಗಳಿಗೆ ಸೇರಿದ ಹಿತ್ತಿಲಿನ ಅಂಗಳದಲ್ಲಿ ಕೋಣೆ ನಿಲ್ಲಿಸುವುದೆಂದು ನಿಶ್ಚಯವಾಗಿತ್ತು. ಕಾರ್ಖಾನೆಯಿಂದ ಬಂದವರು ಇಬ್ಬರೇ; ಆದರೆ ಗೋಡೆಯ ಹಲಗೆಗಳನ್ನು ಹೊರಲು ಬೀದಿಗೆ ಬೀದಿಯೇ ನಿಂತಿತ್ತು. ಬೇಡವೆಂದರೂ ಯಾರೂ ಕೇಳಲಿಲ್ಲ. ಎಂಬತ್ತು ದಾಟಿದ ಸ್ತೋಯ್ಕಜ್ಜಿ ಕೂಡ ಒಂದು ರಬ್ಬರು ಪಟ್ಟಿಯನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಳು. ಯಂತ್ರ ಗುಂಯ್ ಎಂದು ಶುರುವಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸದಾಗಿ ಏನು ಕೊಂಡರೂ ಅಲ್ಲಿ ಅದನ್ನು "ನೆನೆಸಬೇಕು". ಎಂದರೆ ಕೊಂಡವರು ಎಲ್ಲರಿಗೂ ಹಣ್ಣಿನ ಸಾರಾಯಿ ಕುಡಿಸಬೇಕು, ಇಲ್ಲದಿದ್ದರೆ ವಸ್ತು ಬಾಳುವುದಿಲ್ಲ. ವೆನೆತಾ ಅಂಗಳದಲ್ಲೇ ಮೇಜು ಹಾಕಿ ನೆನೆಸಿದಳು. ಪ್ರತಿಯೊಬ್ಬರೂ ಲೋಟ ಹಿಡಿದು ಒಳಗೆ ಹೋಗಿ, ತಣ್ಣಗಾಗಿ, ಹೊರಗೆ ಬಂದು, "ಏನು ವಿಶಾಲ" ಎಂದರು. ಹಾಗೆನ್ನುವಾಗ ಒಬ್ಬೊಬ್ಬರ ಕಣ್ಣು ಒಂದೊಂದು ಮೂಲೆಯ ಮೇಲೆ ನಿಂತದ್ದನ್ನು ವೆನೆತಾ ಕಂಡಳು. ಕಂಡೂ ನಕ್ಕಳು.

ಲ್ಯೂಬೆನ್ ಬಾಗಿಲಿಗೊಂದು ಬೀಗ ತಂದು ಹಾಕಿದ. ವೆನೆತಾ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೇ ನೇತುಹಾಕಿದಳು.

"ಇದೇನು ಬೀಗ?" ಎಂದ ಅವನು ಮೊಳೆ ತಡವಿ ನೋಡಿ.

"ನಾನು ಇಲ್ಲದಾಗ ಯಾರಿಗಾದ್ರೂ ಬೇಕಾದ್ರೆ ಪಾಪ, ಪೇಚಾಡಬಾರದಲ್ಲ."

ಮೊದಲ ಎರಡು ತಿಂಗಳು ಒಳ್ಳೆಯ ಕಾಲ. ಶುಕ್ರವಾರದ ಬಸ್ಸಿನಲ್ಲಿ ಬಂದ ಗುಲಾಬಿ ಮುಂದಿನ ಗುರುವಾರವೂ ಆಗತಾನೆ ಕೊಯ್ದಂತೆ ಇರುತ್ತಿತ್ತು. ವೆನೆತಾ ದಿನಕ್ಕೆ ಹತ್ತು ಸಲ ಒಳಗೆ ಹೋಗಿ ನೋಡಿ ಬರುತ್ತಿದ್ದಳು. ಬೀದಿಯವರೂ ಬರುತ್ತಿದ್ದರು. ಯಾರದೋ ನಾಮಕರಣಕ್ಕೆ ಕಡಿದ ಕುರಿಮರಿ ಎರಡು ದಿನ ಕೊಕ್ಕೆಯಲ್ಲಿ ತೂಗಿತು. ಉಪ್ಪುನೀರಿನಲ್ಲಿ ಮುಳುಗಿಸಿದ ಚೀಸಿನ ಡಬ್ಬಗಳು ಬಂದವು. ಮಾಂಸವಾಗಲಿ ಚೀಸಾಗಲಿ ಹೂವಿಗೆ ಏನೂ ಮಾಡುವುದಿಲ್ಲ. ವೆನೆತಾ ಬಕೆಟ್ಟುಗಳನ್ನು ಒತ್ತಿ ಜಾಗ ಮಾಡಿಕೊಟ್ಟಳು. ಹಣ್ಣಿನ ಭಯಕ್ಕೆ ಮಾತ್ರ ಲ್ಯೂಬೆನ್‌ನ ಕೈಯಲ್ಲಿ ಒಂದು ಚೀಟಿ ಬರೆಸಿ ಬಾಗಿಲಿಗೆ ಅಂಟಿಸಿದಳು. ಸಣ್ಣ ಅಕ್ಷರ ಅವನಿಗೆ ಬರೆಯಲಾಗುತ್ತಿರಲಿಲ್ಲವಾದ್ದರಿಂದ "ಹಣ್ಣು ಇಡಬಾರದು" ಎಂಬ ಎರಡು ಪದ ಬಾಗಿಲಿನ ಅರ್ಧ ತುಂಬಿದವು.

ಮರುದಿನ ಒಳಗೆ ಒಂದು ಕಲ್ಲಂಗಡಿ ಇತ್ತು.

"ಸ್ತೋಯ್ಕಜ್ಜಿ, ಚೀಟಿ ನೋಡ್ಲಿಲ್ವಾ?"

"ನೋಡ್ದೆ. ಕುರುಡಿಗೂ ಕಾಣೋ ಹಾಗೆ ಬರೆದಿದೀರಲ್ಲ. ಕಲ್ಲಂಗಡಿ ಹಣ್ಣಲ್ಲ ಕಣೇ ಹುಡುಗಿ, ಅದು ಸೌತೆಕಾಯಿ ಜಾತಿ."

ಒಂದು ಕಲ್ಲಂಗಡಿಯಿಂದ ಏನೂ ಆಗಲಿಲ್ಲ. ವೆನೆತಾ ಅದನ್ನು ಅಲ್ಲೇ ಬಿಟ್ಟಳು.

ಹೂವಿನ ಅಂಗಡಿಗೆ ವರ್ಷದಲ್ಲಿ ಒಂದು ದೊಡ್ಡ ದಿನವೆಂದರೆ ಸೆಪ್ಟೆಂಬರ್ ಹದಿನೈದು. ಶಾಲೆ ಶುರುವಾಗುವ ದಿನ. ಪ್ರತಿಯೊಂದು ಮಗುವೂ ತನ್ನ ಟೀಚರಿಗೆ ಹೂವು ಹಿಡಿದುಕೊಂಡು ಹೋಗಬೇಕು. ಬರಿಗೈಯಲ್ಲಿ ಹೋದ ಮಗು ಆ ಊರಿನ ನೆನಪಿನಲ್ಲಿ ಇಲ್ಲ. ಮೂರು ಕಾರ್ನೇಷನ್, ಒಂದು ಎಳೆ ಹಸುರು, ಒಂದು ರಿಬ್ಬನ್ನು, ಅನುಕೂಲವಿದ್ದವರಿಗೆ ಐದು. ಹಿಂದೆಲ್ಲ ಲ್ಯೂಬೆನ್ ಅದೇ ದಿನ ನಸುಕಿನಲ್ಲಿ ಹೋಗಿ ಎರಡು ಪಟ್ಟು ಬೆಲೆ ತೆತ್ತು ಹೂವು ತರುತ್ತಿದ್ದ. ಈ ಸಲ ಹದಿನೈದು ಮಂಗಳವಾರ ಬಂದಿತ್ತು. ವೆನೆತಾ ಹಿಂದಿನ ಶುಕ್ರವಾರದ ಬಸ್ಸಿಗೇ ಆರು ನೂರು ಕಾರ್ನೇಷನ್ ತರಿಸಿದಳು. ಕೆಂಪು, ಬಿಳಿ, ನಸುಗೆಂಪು. ನಾಲ್ಕು ದಿನ ತಂಪುಕೋಣೆಯಲ್ಲಿ ನಿಂತು ಮಂಗಳವಾರ ಬೆಳಿಗ್ಗೆ ಮಕ್ಕಳ ಕೈಗೆ ಹೋಗಬೇಕು.

"ಇದೊಂದು ದಿನ ನೋಡೋಣ" ಎಂದ ಲ್ಯೂಬೆನ್. "ಇದು ಚೆನ್ನಾಗಿ ಹೋದ್ರೆ ಇನ್ನೂ ಐದು ವರ್ಷ ಅಂಗಡಿ ನಡೆಸು, ನಾನು ಬಾಯಿ ಬಿಡಲ್ಲ. ಹೋಗಲಿಲ್ಲ ಅಂದ್ರೆ ಮುಚ್ಚೋಣ, ಆಗ ನೀನು ಬಾಯಿ ಬಿಡಬೇಡ."

"ಆಗಲಿ" ಎಂದಳು ವೆನೆತಾ. ಬಕೆಟ್ಟುಗಳು ಸಾಲಾಗಿ ನಿಂತಿದ್ದ ಕೋಣೆಯನ್ನು ನೋಡಿದರೆ ಅವಳಿಗೆ ತಾನೇ ಗೆದ್ದಂತಿತ್ತು.

ಶನಿವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು. ಕಾಲು ಗಂಟೆ, ಅಷ್ಟೆ. ಅಷ್ಟರಲ್ಲಿ ಊರ ಮೇಲಿನ ತೋಟಗಳಲ್ಲಿ ಕೊಯ್ಲಿಗೆ ವಾರವಿದ್ದ ಸೇಬೆಲ್ಲ ನೆಲ ಸೇರಿತು. ಪೆಟ್ಟು ಬಿದ್ದ ಸೇಬು ಬಿಸಿಲಿನಲ್ಲಿ ಎರಡು ದಿನ ಉಳಿಯುವುದಿಲ್ಲ. ರಸ ತೆಗೆಯುವ ಗಿರಣಿ ತೆರೆಯುವುದು ಸೋಮವಾರ.

ಸಂಜೆ ಐದರ ಹೊತ್ತಿಗೆ ಗಾಂಚೋ ಹಿತ್ತಿಲ ಅಂಗಳಕ್ಕೆ ಬಂದರು. ಎರಡೂ ಕೈಗಳಿಂದ ಎತ್ತಿಕೊಂಡ, ತಮ್ಮ ತೋಟದ ಸೇಬಿನ ಪೆಟ್ಟಿಗೆ. ಹಿಂದೆ ಗೇಟಿನ ಹತ್ತಿರ ಅಳಿಯನ ಗಾಡಿ, ಅದರಲ್ಲಿ ಇನ್ನೂ ಪೆಟ್ಟಿಗೆಗಳು. ವೆನೆತಾ ಅಷ್ಟರಲ್ಲೇ ಓಡಿಬಂದು ತಂಪುಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಗಾಂಚಣ್ಣ, ಸೇಬು ಬೇಡ."

"ಸೋಮವಾರ ಬೆಳಿಗ್ಗೆವರೆಗೆ ಕಣಮ್ಮ."

"ಸೋಮವಾರದವರೆಗೂ ಬೇಡ. ಒಳಗೆ ಆರು ನೂರು ಹೂವಿದೆ. ಸೇಬು ಹೂವನ್ನ ಕೊಂದುಬಿಡುತ್ತೆ."

"ಸೇಬೇನು ಬೆಕ್ಕಾ, ಹಾರಿ ಹಿಡಿಯೋಕೆ? ಆ ಮೂಲೆಯಲ್ಲಿ ಇಡ್ತೀನಿ. ನಿನ್ನ ಹೂವು ಈ ಮೂಲೆಯಲ್ಲಿರಲಿ."

"ಉಸಿರು ತಾಗುತ್ತೆ ಅಣ್ಣ."

"ಸೇಬು ಉಸಿರಾಡುತ್ತಾ?" ಗಾಂಚೋ ಕೈಯಲ್ಲಿದ್ದ ಪೆಟ್ಟಿಗೆಯನ್ನು ಒಂದು ಕ್ಷಣ ಕಿವಿಯ ಹತ್ತಿರ ತಂದು ಕೇಳಿದರು. "ಏನೂ ಕೇಳಿಸ್ತಿಲ್ಲ."

ಗೇಟಿನ ಬಳಿ ನಿಂತವರು ನಕ್ಕರು. ವೆನೆತಾ ನಗಲಿಲ್ಲ. ಅವಳು ನಗದೆ ನಿಂತದ್ದನ್ನು ಬೀದಿಯವರು ನೋಡಿದ್ದು ಅದೇ ಮೊದಲು.

ಗಾಂಚೋರ ಮುಖವೂ ಬದಲಾಯಿತು. "ಸರಿ. ನೀನು ಬೇಡ ಅಂದಮೇಲೆ ಬೇಡ" ಎಂದರು. ಆದರೆ ಹೋಗಲಿಲ್ಲ. ಪೆಟ್ಟಿಗೆಯನ್ನು ಕೆಳಗೂ ಇಡಲಿಲ್ಲ. ಹೋದ ವರ್ಷ ಹರ್ನಿಯಾ ಆಪರೇಷನ್ ಆದ ಮನುಷ್ಯ, ಇಪ್ಪತ್ತು ಕಿಲೋ ಭಾರವನ್ನು ಎದೆಗೊತ್ತಿಕೊಂಡು, ನೆಲ ನೋಡುತ್ತ ನಿಂತರು. ಕುತ್ತಿಗೆಯ ನರಗಳು ಉಬ್ಬಿದವು.

"ಇಳಿಸಿ ಅಣ್ಣ, ಭಾರ."

"ಬೇಡ. ತಗೊಂಡು ಹೋಗ್ತೀನಿ."

"ಒಂಚೂರು ಕೆಳಗಿಟ್ಟು ಸುಧಾರಿಸ್ಕೊಳ್ಳಿ."

"ಯಾಕೆ ಇಡ್ಲಿ? ಜಾಗ ಇಲ್ಲ ಅಂದ್ಯಲ್ಲ. ಹೋಗ್ತೀನಿ." ಮತ್ತೆ ಅಲ್ಲೇ ನಿಂತರು.

ಮಾರ್ಚಿನಲ್ಲಿ ಪ್ಲೋವ್‌ದಿವ್‌ಗೆ ಕರೆದುಕೊಂಡು ಹೋದದ್ದನ್ನು ಅವರು ಎತ್ತಲಿಲ್ಲ. ಲ್ಯೂಬೆನ್‌ನನ್ನು ತಿಂಗಳಿಗೊಮ್ಮೆ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವುದನ್ನೂ ಎತ್ತಲಿಲ್ಲ. ಎತ್ತಿದ್ದರೆ ವೆನೆತಾಳಿಗೆ ಕೋಪವಾದರೂ ಬರುತ್ತಿತ್ತು. ಕೋಪ ಬಂದಿದ್ದರೆ ಬಾಗಿಲು ಮುಚ್ಚಿಯೇ ಉಳಿಯುತ್ತಿತ್ತು. ಅವರ ತೋಳು ನಡುಗುವುದನ್ನು ನೋಡುತ್ತ ನೋಡುತ್ತ ಅವಳ ಕೈ ತಾನಾಗಿ ಹಿಂದಕ್ಕೆ ಹೋಗಿ ಹಿಡಿಯನ್ನು ಎಳೆಯಿತು.

ಸೇಬು ಹತ್ತು ಪೆಟ್ಟಿಗೆ. ಒಬ್ಬರಿಗೆ ತೆರೆದ ಬಾಗಿಲನ್ನು ಇನ್ನೊಬ್ಬರಿಗೆ ಹೇಗೆ ಮುಚ್ಚುವುದು? ಪಕ್ಕದ ಮನೆಯವರ ಸೇಬು ಐದು ಪೆಟ್ಟಿಗೆ ಬಂತು. ಸ್ತೋಯ್ಕಜ್ಜಿ ಚಳಿಗಾಲದ ಗೊಜ್ಜಿಗೆಂದು ಇಟ್ಟಿದ್ದ ಟೊಮೇಟೊ ತಂದಳು. ಆಲಿಕಲ್ಲಿಗೂ ಅದಕ್ಕೂ ಸಂಬಂಧವಿರಲಿಲ್ಲ, ಎಲ್ಲರೂ ತರುತ್ತಿದ್ದರು ಎಂದು ತಂದಳು.

ಭಾನುವಾರವೆಲ್ಲ ವೆನೆತಾ ಚರ್ಚಿಗೂ ಹೋಗದೆ ಕೋಣೆಯನ್ನು ಕಾದಳು. ಹೂವಿನ ಬಕೆಟ್ಟುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಗಂಟೆಗೊಮ್ಮೆ ಬಾಗಿಲು ತೆರೆದು ಒಳಗಿನ ಗಾಳಿಯನ್ನು ದೊಡ್ಡ ರಟ್ಟಿನಿಂದ ಬೀಸಿ ಹೊರಗೆ ಹಾಕಿದಳು. ಹಾಗೆ ಮಾಡಿದರೆ ಹೊರಗಿನ ಸೆಕೆ ಒಳಗೆ ಬರುತ್ತಿತ್ತು, ಯಂತ್ರ ಏದುಸಿರು ಬಿಡುತ್ತಿತ್ತು. ಹೂವನ್ನೇ ನೆಲಮಾಳಿಗೆಗೆ ಸಾಗಿಸೋಣವೆಂದರೆ, ಇನ್ನು ಆ ಜಾಗ ಬೇಡವಲ್ಲ ಎಂದು ಲ್ಯೂಬೆನ್ ಹೋದ ವಾರ ಅದರ ತುಂಬ ಹೊಸ ದ್ರಾಕ್ಷಾರಸದ ಪೀಪಾಯಿಗಳನ್ನು ಇಳಿಸಿಬಿಟ್ಟಿದ್ದ. ಅವು ಅಲ್ಲಿ ಹುಳಿಯುತ್ತ ಬಿಸಿಯಾಗಿ ಕುಳಿತಿದ್ದವು.

"ನಾನು ಹೋಗಿ ಎಲ್ಲಾ ಪೆಟ್ಟಿಗೆ ಅವರವರ ಬಾಗಿಲಿಗೆ ಎಸೆದು ಬರ್ತೀನಿ" ಎಂದ ಲ್ಯೂಬೆನ್.

"ಯಾರ ಬಾಗಿಲು ಯಾವುದು ಅಂತ ನಿನಗೆ ಕಾಣಲ್ವಲ್ಲೋ" ಎಂದಳು ವೆನೆತಾ. ಆಮೇಲೆ ಅಂದದ್ದಕ್ಕೆ ನೊಂದು ಅವನ ಕೈ ಹಿಡಿದುಕೊಂಡಳು.

ಸೋಮವಾರ ಗಿರಣಿಯ ಮುಂದೆ ಮೂರು ಊರಿನ ಗಾಡಿಗಳು ನಿಂತಿದ್ದವು. ಗಾಂಚೋರ ಸರದಿ ಬುಧವಾರಕ್ಕೆ ಎಂದು ಚೀಟಿ ಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ವೆನೆತಾ ಪ್ಲಾಸ್ಟಿಕ್ ಹಾಳೆ ಎತ್ತಿ ನೋಡಿದಾಗ ಕೆಂಪು ಕಾರ್ನೇಷನ್ನುಗಳು ಅಂಚು ಮಡಿಸಿಕೊಂಡಿದ್ದವು. ನಾಲ್ಕು ಗಂಟೆಗೆ ಬಿಳಿಯವೂ ಮಡಿಸಿಕೊಂಡವು. ಒಂದನ್ನು ಎತ್ತಿ ಬಿಸಿನೀರಿನಲ್ಲಿ ಇಟ್ಟಳು, ಕಾಂಡ ಓರೆಯಾಗಿ ಕತ್ತರಿಸಿದಳು, ಸಕ್ಕರೆ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಕಲಿತದ್ದನ್ನೆಲ್ಲ ಮಾಡಿದಳು. ಹೂವು ಕಣ್ಣು ತೆರೆಯಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಟೊಮೇಟೊ ನೋಡಲು ಬಂದ ಸ್ತೋಯ್ಕಜ್ಜಿಯ ಕಣ್ಣಿಗೆ ಬಿತ್ತು. ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು.

"ಅಯ್ಯೋ ಪಾಪ, ಯಂತ್ರದ ತಂಪು ಜಾಸ್ತಿ ಆಗಿದೆ" ಎಂದರು ಒಬ್ಬರು.

"ಪ್ಲೋವ್‌ದಿವ್‌ನೋರು ಹಳೇ ಹೂವು ಕಟ್ಟಿದಾರೆ. ಹಳ್ಳಿಯವರು ಅಂದ್ರೆ ಅಷ್ಟೆ" ಎಂದರು ಇನ್ನೊಬ್ಬರು.

ಗಾಂಚೋ ಹೂವೊಂದನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಕಿವಿ ಕೆಂಪಾಗಿತ್ತು. ಆಮೇಲೆ, "ನೀನೇನೂ ಚಿಂತೆ ಮಾಡಬೇಡ ತಾಯಿ. ನಾಳೆ ಬೆಳಿಗ್ಗೆ ನೀನು ಅಂಗಡಿ ತೆರೆದು ನಿಂತ್ಕೋ. ಮಿಕ್ಕಿದ್ದು ನಮಗೆ ಬಿಡು" ಎಂದರು.

ಬೆಳಿಗ್ಗೆ ಏಳು ಗಂಟೆಗೆ ವೆನೆತಾ ಅಂಗಡಿ ತೆರೆದಳು. ಬೀದಿಯ ಎರಡೂ ಕಡೆಯಿಂದ ಜನ ಹೂವು ಹೊತ್ತು ಬರುತ್ತಿದ್ದರು. ತಮ್ಮ ತಮ್ಮ ಹಿತ್ತಿಲುಗಳನ್ನು ಬೋಳಿಸಿಕೊಂಡು ಬಂದಿದ್ದರು. ಮುಷ್ಟಿಗಾತ್ರದ ಡೇರೆ ಹೂವು, ಜಿನಿಯಾ, ಆಸ್ಟರ್, ಆಲಿಕಲ್ಲಿಗೆ ಒಂದು ಕಡೆ ಹರಿದ ಗುಲಾಬಿ. ಇಪ್ಪತ್ತು ಬಕೆಟ್ಟು ತುಂಬಿತು. ಗಾಂಚೋ ಟೈ ಕಟ್ಟಿಕೊಂಡು, ಹಳೆಯ ಸ್ಟೇಷನ್ನಿನಲ್ಲಿ ನಿಂತಂತೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಸಾಲು ಮಾಡಿಸಿದರು. ಒಳಗೆ ವೆನೆತಾ ಕಟ್ಟಿದಳು. ಮೂರು ಹೂವು, ಒಂದು ಎಳೆ ಹಸುರು, ಒಂದು ರಿಬ್ಬನ್ನು. ಕೈಗಳಿಗೆ ಅಭ್ಯಾಸವಿದ್ದ ಕೆಲಸ; ಕೈಗಳೇ ಮಾಡಿದವು.

ಮೊದಲು ಬಂದ ತಂದೆಯೊಬ್ಬ ಜೇಬಿಗೆ ಕೈ ಹಾಕಿದ. ಗಾಂಚೋ ಅವನ ಮುಂಗೈ ಹಿಡಿದರು.

"ಇದಕ್ಕೆ ದುಡ್ಡಿಲ್ಲಪ್ಪ. ಬೀದಿಯವರು ಕೊಟ್ಟಿದ್ದು. ಅಲ್ವಾ ವೆನೆತಾ?"

ಎಲ್ಲರೂ ಅವಳ ಕಡೆಗೆ ತಿರುಗಿದರು. ಅಂಗಳದಲ್ಲಿ ತಾನೇ ಬೆಳೆಸಿದ ಹೂವನ್ನು ಮುಂಜಾನೆ ಕೊಯ್ದು ತಂದ ಸ್ತೋಯ್ಕಜ್ಜಿ ಎದುರಿಗೇ ನಿಂತಿದ್ದಳು. "ಹೌದು ಹೌದು" ಎಂದಳು ವೆನೆತಾ. "ತಗೊಂಡು ಹೋಗಿ."

ಒಂಬತ್ತು ಗಂಟೆಯೊಳಗೆ ಎರಡು ನೂರು ಮಕ್ಕಳು ಹೂವು ಹಿಡಿದು ಹೋದರು. ರಿಬ್ಬನ್ ಮುಗಿಯಿತು, ಹಸುರೂ ಮುಗಿಯಿತು. ಅಂಗಡಿಯ ಗಲ್ಲಾದ ಬಾಗಿಲು ತೆರೆಯಲೇ ಇಲ್ಲ. ಶಾಲೆಯ ಕಡೆಯಿಂದ ಬ್ಯಾಂಡಿನ ಸದ್ದು ಕೇಳಿತು.

ಸಮಾರಂಭ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ರುಮ್ಯಾನಾ ತಾವಾಗಿಯೇ ಅಂಗಡಿಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. "ವೆನೆತಾ, ಇಷ್ಟು ಚೆಂದದ ದಿನ ನಾನು ನೋಡಿರ್ಲಿಲ್ಲ. ಒಂದು ಮಗುವಿನ ಕೈಯಲ್ಲಿದ್ದದ್ದು ಇನ್ನೊಂದರ ಕೈಯಲ್ಲಿರ್ಲಿಲ್ಲ. ಐದು ಹೂವಿನ ಮಗು ಬೇರೆ, ಮೂರು ಹೂವಿನ ಮಗು ಬೇರೆ ಅನ್ನೋ ಹಾಗೂ ಇರ್ಲಿಲ್ಲ. ಪ್ರತಿ ವರ್ಷ ಹೀಗೇ ಮಾಡೋಣ ಅಂತ ಭಾಷಣದಲ್ಲೂ ಹೇಳಿಬಿಟ್ಟೆ. ಎಲ್ಲರೂ ಒಪ್ಪಿದ್ರು."

"ಒಳ್ಳೇದಾಯ್ತು ಟೀಚರ್" ಎಂದಳು ವೆನೆತಾ.

ರುಮ್ಯಾನಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು ಹೋದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನೇ ವೆನೆತಾ ಆ ಮಧ್ಯಾಹ್ನವೆಲ್ಲ ಯೋಚಿಸಿದಳು. ಯಾರದೂ ತಪ್ಪೇನೂ ಇರಲಿಲ್ಲ.

ಸಂಜೆ ಲ್ಯೂಬೆನ್ ಕೈಗಾಡಿ ಹಿಡಿದ. ಆರು ನೂರು ಕಾರ್ನೇಷನ್ನುಗಳನ್ನು ಮೂರು ಸಲ ಹೇರಿ ಗೊಬ್ಬರದ ಗುಂಡಿಗೆ ಸಾಗಿಸಿದರು. ಕೊನೆಯ ಸಲ ಅವನು ಒಂದು ಹೂವನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಇದು ಮೊಗ್ಗಿದ್ದ ಹಾಗಿದೆಯಲ್ಲೇ. ನಾಳೆ ಅರಳಬಹುದು."

"ಹ್ಞೂಂ" ಎಂದಳು ವೆನೆತಾ. ಅವನ ಕೈಯಿಂದ ಅದನ್ನು ತೆಗೆದುಕೊಂಡು ಉಳಿದವುಗಳ ಮೇಲೆ ಹಾಕಿದಳು. ಮಾತು ಕೊಟ್ಟದ್ದು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮುಂದಿನ ಭಾನುವಾರ ಅವಳು ಅಂಗಳದಲ್ಲಿ ಎಲ್ಲರೂ ಇರುವಾಗ, ಅಂಗಡಿ ಮುಚ್ಚುತ್ತೇನೆ ಎಂದು ಹೇಳಿದಳು. ಜೋರಾಗಿ ಹೇಳಿದಳು, ಇಲ್ಲದಿದ್ದರೆ ಮತ್ತೆ ಹೇಳಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಮುಚ್ಚಿದ್ರೆ ತಂಪುಕೋಣೆ?" ಎಂದಳು ಸ್ತೋಯ್ಕಜ್ಜಿ.

"ಮಾರ್ತೀನಿ. ಕಾರ್ಖಾನೆಯ ಕಾಮೆನ್ ವಾಪಸು ತಗೋತಾನಂತೆ."

"ಮಾರೋದಾ?" ಗಾಂಚೋ ಎದ್ದು ನಿಂತರು. "ನಾವೆಲ್ಲ ಹೆಗಲು ಕೊಟ್ಟು ನಿಲ್ಲಿಸಿದ ಕೋಣೆ ಅದು. ಕ್ರಿಸ್‌ಮಸ್‌ಗೆ ಹಂದಿ ಕಡಿಯೋ ಕಾಲ ಬರ್ತಿದೆ. ಈಗ ಮಾರ್ತೀನಿ ಅಂತೀಯಲ್ಲ."

"ಕರೆಂಟ್ ಬಿಲ್ ಯಾರು ಕಟ್ಟೋದು ಅಣ್ಣ?"

"ಎಲ್ಲರೂ ಕಟ್ತೀವಿ. ಮನೆಗಿಷ್ಟು ಅಂತ. ನೀನು ಒಂದು ಬಿಡಿಕಾಸೂ ಕೊಡಬೇಡ. ನಿನಗೆ ಭಾರ ಆಗೋಕೆ ಬಿಡ್ತೀವಾ?" ಎಂದರು ಗಾಂಚೋ. ಅವರ ದನಿ ನಿಜವಾಗಿ ಕರಗಿತ್ತು. ಎಲ್ಲರೂ ಕೈಯೆತ್ತಿದರು. ಪ್ಲೋವ್‌ದಿವ್‌ಗೆ ಫೋನು ಮಾಡಿ ಬೇಡವೆಂದು ಹೇಳುವ ಕೆಲಸವನ್ನೂ ಅವರೇ ವಹಿಸಿಕೊಂಡರು. ವೆನೆತಾ ಏನು ಹೇಳಿದಳೆಂದು ಯಾರೂ ನೆನಪಿಟ್ಟುಕೊಂಡಿಲ್ಲ. ಬಹುಶಃ ನಕ್ಕಿರಬೇಕು.

ಈಗಲೂ ಅವಳು ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಬಾಗಿಲು ತೆರೆಯುತ್ತಾಳೆ. ಯಾರದು ಯಾವ ಹಲಗೆಯ ಮೇಲಿದೆ, ಯಾರ ಸೊಪ್ಪಿಗೆ ಯಾರ ಮಾಂಸ ತಾಗಬಾರದು, ಯಾರ ಡಬ್ಬಕ್ಕೆ ಮುಚ್ಚಳ ಸಡಿಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ದೂರದ ಬೀದಿಯವರೂ ಬರುತ್ತಾರೆ. ಅವರಿಗೂ ಜಾಗ ಮಾಡಿಕೊಡುತ್ತಾಳೆ. ಸ್ಮಶಾನಕ್ಕೆ ಹೋಗುವವರು ಮಾತ್ರ ಇನ್ನೂ ಹೂವು ಕೇಳುತ್ತಾರಾದ್ದರಿಂದ ಶುಕ್ರವಾರದ ಬಸ್ಸಿನಲ್ಲಿ ನಲವತ್ತು ಕಾರ್ನೇಷನ್ ತರಿಸುತ್ತಾಳೆ. ತಂಪುಕೋಣೆಯಲ್ಲಿ ಬಕೆಟ್ಟು ಇಡಲು ಸ್ಥಳವಿಲ್ಲ. ಮನೆಯ ಸ್ನಾನದ ತೊಟ್ಟಿಯಲ್ಲಿ ಗೇಣುದ್ದ ತಣ್ಣೀರು ಬಿಟ್ಟು ಅವನ್ನು ನಿಲ್ಲಿಸಿ, ಮೇಲೆ ಒದ್ದೆ ಪತ್ರಿಕೆ ಹೊದಿಸುತ್ತಾಳೆ. ಸೋಮವಾರದವರೆಗೆ ಬಾಳುತ್ತವೆ. ಅಲ್ಲಿಯತನಕ ಲ್ಯೂಬೆನ್ ಅಡುಗೆಮನೆಯ ನಲ್ಲಿಯಲ್ಲೇ ಮುಖ ತೊಳೆದುಕೊಳ್ಳುತ್ತಾನೆ.